ಹಲ್ಲು ಮೇಸ್ತ್ರಿಯ ಭಾವಮೈದ

ಹಲ್ಲು ಮೇಸ್ತ್ರಿಗೆ ತನ್ನ ಹೆಂಡತಿಯ ತಮ್ಮನನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಭಾವಮೈದ ಕೆಟ್ಟವನೇ? ಅಲ್ಲ. ಕುಡುಕನೇ, ಜಗಳಗಂಟನೇ? ಅದೂ ಅಲ್ಲ. ಹಾಗಿದ್ದಿದ್ದರೆ ಮೇಸ್ತ್ರಿಗೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಅವನು ಚೆಸ್ ಗ್ರ್ಯಾಂಡ್‌ಮಾಸ್ಟರ್ ಆಗಿದ್ದ. ಮೇಲಾಗಿ ಒಳ್ಳೆಯವನೂ ಆಗಿದ್ದ. ಎರಡೂ ಒಬ್ಬನಲ್ಲೇ ಇದ್ದರೆ ಪಕ್ಕದಲ್ಲಿರುವವನು ಬದುಕುವುದು ಹೇಗೆ, ನೀವೇ ಹೇಳಿ.

ಇದು ಶುರುವಾದದ್ದು ಇಪ್ಪತ್ತನಾಲ್ಕು ವರ್ಷದ ಹಿಂದೆ. ಆಗ ಮೇಸ್ತ್ರಿ ಹೊಸ ಅಳಿಯ. ಕೃತಕ ಹಲ್ಲು ಕಟ್ಟುವ ಕೆಲಸ ಕಲಿತು, ಒಂದು ಕೋಣೆ ಹಿಡಿದು, ಬೋರ್ಡು ಹಾಕಿದ್ದ. ಹಾಸ್ಟೆಲಿನಲ್ಲಿದ್ದಾಗ ಚೆಸ್ಸಿನಲ್ಲಿ ಅವನನ್ನು ಸೋಲಿಸುವವರು ಇರಲಿಲ್ಲ. ಮಾವನ ಮನೆಯಲ್ಲಿ ಊಟವಾದ ಮೇಲೆ, ಒಂಬತ್ತು ವರ್ಷದ ಭಾವಮೈದ ಚೆಸ್ ಬೋರ್ಡು ತಂದು ಎದುರಿಗೆ ಕೂತ. ಪಾಪ, ಮಗು ಬೇಜಾರು ಮಾಡಿಕೊಳ್ಳದಿರಲಿ, ಮೊದಲು ಒಂದೆರಡು ಕಾಯಿ ಬಿಟ್ಟುಕೊಡೋಣ ಎಂದುಕೊಂಡ ಮೇಸ್ತ್ರಿ. ಬಿಟ್ಟುಕೊಡುವ ಪ್ರಸಂಗವೇ ಬರಲಿಲ್ಲ. ಹದಿನೆಂಟನೇ ನಡೆಗೆ ಅವನ ರಾಜ ಮೂಲೆ ಸೇರಿ ಉಸಿರು ಬಿಟ್ಟ. ಮಾವ, ಅತ್ತೆ, ಹೆಂಡತಿ, ಪಕ್ಕದ ಮನೆಯವರು ಎಲ್ಲರೂ ನೋಡುತ್ತಿದ್ದರು.

"ಭಾವಾ, ಇನ್ನೊಂದು ಆಡೋಣ್ವಾ? ಈ ಸಲ ನಾನು ಮಂತ್ರಿ ತೆಗೆದಿಟ್ಟು ಆಡ್ತೀನಿ" ಎಂದ ಆ ಮಹಾರಾಯ.

ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೇಸ್ತ್ರಿಯ ಹೆಂಡತಿ. ಅವತ್ತಿನಿಂದ ಅವನು ಚೆಸ್ ಕಾಯಿ ಮುಟ್ಟಲಿಲ್ಲ.

ಮುಟ್ಟದಿದ್ದರೇನು, ಚೆಸ್ಸು ಅವನ ಮನೆ ಬಿಟ್ಟು ಹೋಗಲಿಲ್ಲ. ನನ್ನ ತಮ್ಮ ಹನ್ನೊಂದಕ್ಕೆ ರಾಜ್ಯದ ಮಟ್ಟಕ್ಕೆ ಹೋದ, ನನ್ನ ತಮ್ಮ ಹದಿನಾಲ್ಕಕ್ಕೆ ವಿಮಾನ ಹತ್ತಿದ, ನನ್ನ ತಮ್ಮ ಹತ್ತೊಂಬತ್ತಕ್ಕೆ ಗ್ರ್ಯಾಂಡ್‌ಮಾಸ್ಟರ್ ಆದ. ಹೆಂಡತಿ ಗೋಡೆಗೆ ತಮ್ಮನ ಫೋಟೋ ಹಾಕುತ್ತಾ ಹಾಕುತ್ತಾ, ಮದುವೆಯ ಫೋಟೋವನ್ನು ಬೀರುವಿನ ಪಕ್ಕದ ಕತ್ತಲೆಗೆ ಸರಿಸಿದಳು. ಯಾರದೋ ಮನೆಗೆ ಹೋದರೆ ಮೇಸ್ತ್ರಿಯನ್ನು ಪರಿಚಯಿಸುತ್ತಿದ್ದುದು 'ಗ್ರ್ಯಾಂಡ್‌ಮಾಸ್ಟರ್ ಭಾವ' ಎಂದೇ. ಅವನು ಹಲ್ಲು ಕಿರಿದು ಕೈ ಮುಗಿಯುತ್ತಿದ್ದ. ಹೊಟ್ಟೆಯೊಳಗೆ ಮಾತ್ರ ಕೊಳ್ಳಿ ಇಟ್ಟ ಹಾಗಾಗುತ್ತಿತ್ತು.

ಒಂದೇ ಒಂದು ಜಾಗದಲ್ಲಿ ಅವನಿಗೆ ಈ ಕಾಟ ಇರಲಿಲ್ಲ. ಅದು ಅವನ ವರ್ಕ್‌ಶಾಪು. ಹತ್ತಡಿ ಉದ್ದ, ಎಂಟಡಿ ಅಗಲ. ಗೋಡೆಯುದ್ದಕ್ಕೂ ಸಾಲಾಗಿ ಪ್ಲಾಸ್ಟರಿನ ಬಾಯಚ್ಚುಗಳು, ಸ್ಪಿರಿಟ್ ದೀಪ, ಗುಲಾಬಿ ಮೇಣ, ದವಡೆಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಸಲಕರಣೆ. ಊರಿನ ದೊಡ್ಡ ಹಲ್ಲಿನ ಡಾಕ್ಟರಮ್ಮ ತಮ್ಮ ಕೆಲಸವನ್ನೆಲ್ಲ ಇಲ್ಲಿಗೇ ಕಳಿಸುತ್ತಿದ್ದರು. "ಹಲ್ಲು ಸೆಟ್ಟು ಕೂರಿಸೋದಾದ್ರೆ ನಮ್ಮ ಮೇಸ್ತ್ರಿ ಕೈಯೇ ಆಗ್ಬೇಕು" ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ಮೇಸ್ತ್ರಿ ಇಪ್ಪತ್ತನಾಲ್ಕು ವರ್ಷ ತಲೆಯೆತ್ತಿ ನಡೆದಿದ್ದ. ಪ್ರಪಂಚದಲ್ಲಿ ಅವನು ಮೊದಲನೆಯವನಾಗಿದ್ದ ಕೋಣೆ ಅದೊಂದೇ.

ಅಷ್ಟರಲ್ಲಿ ಭಾವಮೈದ ಚೆಸ್ಸು ಬಿಟ್ಟ. ಮೂವತ್ತೆರಡನೇ ವಯಸ್ಸಿಗೆ, ಯಾವುದೋ ದೊಡ್ಡ ಪಂದ್ಯದ ಕೊನೆಯ ಸುತ್ತಿನಲ್ಲಿ, ಗೆಲ್ಲುವ ಆಟವನ್ನು ಡ್ರಾ ಮಾಡಿ ಎದ್ದು ಬಂದ. ಪತ್ರಿಕೆಯವರು ಕೇಳಿದರು, ಅಕ್ಕ ಅತ್ತಳು, ತಾಯಿ ಬೇಡಿಕೊಂಡಳು.

"ಇಷ್ಟು ವರ್ಷ ಎದುರಿಗೆ ಕೂತವನ ಮುಖ ಬಾಡಿಸೋದೇ ನನ್ನ ಕೆಲಸ ಆಗಿತ್ತು ಅಕ್ಕಾ. ಸಾಕಾಯ್ತು" ಎಂದ.

ಆಹಾ, ಎಷ್ಟು ಬೇಗ ಗೊತ್ತಾಯಿತಪ್ಪ ಎಂದುಕೊಂಡ ಮೇಸ್ತ್ರಿ. ಮೊದಲು ಬಾಡಿಸಿದ್ದು ಯಾರ ಮುಖ ಅನ್ನುವುದನ್ನೂ ಹೇಳಿಬಿಡು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಒಳಗೊಳಗೇ ಅವನಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಆ ಖುಷಿ ನಾಲ್ಕು ತಿಂಗಳು ಬಾಳಿತು.

ಒಂದು ದಿನ ಹೆಂಡತಿ ಊಟದ ಡಬ್ಬಿಯನ್ನು ತಮ್ಮನ ಕೈಯಲ್ಲಿ ಕೊಟ್ಟು ಕಳಿಸಿದಳು. ಬಂದವನು ಹೋಗಲೇ ಇಲ್ಲ. ಮೇಣದ ಮೇಲೆ ಮೇಸ್ತ್ರಿ ಒಂದೊಂದೇ ಹಲ್ಲು ನಿಲ್ಲಿಸುವುದನ್ನು ಎರಡು ಗಂಟೆ ರೆಪ್ಪೆ ಬಡಿಯದೆ ನೋಡಿದ.

"ಭಾವಾ, ನಂದೂ ಮೂವತ್ತೆರಡು ಕಾಯಿ, ನಿಮ್ದೂ ಮೂವತ್ತೆರಡು ಹಲ್ಲು!"

"ಸೆಟ್ಟಲ್ಲಿ ಇಪ್ಪತ್ತೆಂಟೇ. ಬುದ್ಧಿ ಹಲ್ಲು ನಾವು ಕೊಡಲ್ಲ, ಅದನ್ನ ಅವರವರೇ ತಂದ್ಕೋಬೇಕು" ಎಂದ ಮೇಸ್ತ್ರಿ, ಮುಖ ಗಂಟು ಹಾಕಿಕೊಂಡೇ.

ಅವನು ಬಿದ್ದು ಬಿದ್ದು ನಕ್ಕ. ಮರುದಿನ ಅಕ್ಕನನ್ನು ಮುಂದೆ ಮಾಡಿಕೊಂಡು ಬಂದು, ಈ ಕೆಲಸ ಕಲಿಸಿ ಭಾವಾ ಎಂದ. ಹೆಂಡತಿ ಪಕ್ಕದಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಿಂತಿರುವಾಗ ಯಾವ ಗಂಡಸು ಇಲ್ಲ ಎಂದಾನು? ಮೇಸ್ತ್ರಿ ಒಂದೇ ಷರತ್ತು ಹಾಕಿದ. "ಪ್ರಶ್ನೆ ಕೇಳ್ಬೇಡ. ನೋಡಿ ಕಲಿ." ಹೇಳಿಕೊಡದಿದ್ದರೆ ಎರಡು ತಿಂಗಳಲ್ಲಿ ಓಡಿಹೋಗುತ್ತಾನೆ ಎಂಬುದು ಲೆಕ್ಕಾಚಾರ.

ಓಡಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳದೆ ನೋಡಿದ. ಚೆಸ್ಸಿನಲ್ಲಿ ಪ್ರತಿ ನಡೆ ಬರೆದಿಡುವ ಅಭ್ಯಾಸವಲ್ಲವೇ, ಇಲ್ಲೂ ಒಂದು ನೋಟ್‌ಬುಕ್ ಇಟ್ಟು ಮೇಸ್ತ್ರಿಯ ಕೈ ಹೇಗೆ ಹೋಯಿತು, ಮೇಣ ಎಷ್ಟು ಹೊತ್ತು ಕಾಯಿತು, ಯಾವ ಹಲ್ಲು ಎಷ್ಟು ಎತ್ತರ, ಎಲ್ಲ ಬರೆದ. ಆ ಪೆನ್ಸಿಲ್ಲಿನ ಕಿರಕಿರ ಸದ್ದಿಗೆ ಮೇಸ್ತ್ರಿಯ ಮೈ ಉರಿಯುತ್ತಿತ್ತು. ಎಂಟನೇ ತಿಂಗಳಿಗೆ ಡಾಕ್ಟರಮ್ಮ ಒಂದು ಸೆಟ್ಟನ್ನು ಬೆಳಕಿಗೆ ಹಿಡಿದು, "ಇದು ನಿಮ್ಮ ಕೈಯದ್ದಲ್ಲ ಅಲ್ವಾ ಮೇಸ್ತ್ರಿ? ಬಹಳ ಚೆನ್ನಾಗಿದೆ" ಎಂದರು. ಎಂದರೆ ಇಷ್ಟು ವರ್ಷ ಕೊಟ್ಟದ್ದೆಲ್ಲ ಏನಾಗಿತ್ತಂತೆ? ಮೇಸ್ತ್ರಿ ಅವತ್ತು ಊಟ ಬಿಟ್ಟ.

ಆಮೇಲೆ ಪತ್ರಿಕೆಯವನೊಬ್ಬ ಬಂದ. ರಾಜನಿಗೆ ಚೆಕ್ ಕೊಡುತ್ತಿದ್ದ ಕೈ ಈಗ ಅಜ್ಜಂದಿರಿಗೆ ಹಲ್ಲು ಕೊಡುತ್ತಿದೆ ಎಂದು ಅರ್ಧ ಪುಟ ಬರೆದ. ಫೋಟೋದಲ್ಲಿ ಭಾವಮೈದ ಪೂರ್ತಿ ಬಂದ. ಮೇಸ್ತ್ರಿಯ ಮೊಣಕೈ ಮಾತ್ರ ಬಂತು. ಹೆಂಡತಿ ಅದನ್ನೂ ಗೋಡೆಗೆ ಹಾಕಿದಳು. "ನೋಡಿ, ನೀವೂ ಇದೀರಿ" ಎಂದು ಮೊಣಕೈ ತೋರಿಸಿದಳು! ಬಾಗಿಲಿಗೆ ಬಂದವರು, "ಗ್ರ್ಯಾಂಡ್‌ಮಾಸ್ಟರ್ ಇದ್ದಾರಾ? ಅವರ ಕೈಯಲ್ಲೇ ಆಗ್ಬೇಕಿತ್ತು" ಎನ್ನತೊಡಗಿದರು. ತನ್ನ ವರ್ಕ್‌ಶಾಪಿನಲ್ಲೇ ಮೇಸ್ತ್ರಿ ಅತ್ತಿತ್ತ ಸರಿದು ಜಾಗ ಬಿಡುವವನಾದ.

ಇಷ್ಟನ್ನೂ ಹೇಗೋ ನುಂಗಿಕೊಂಡಿದ್ದ. ನುಂಗಲಾಗದ ತುತ್ತು ಬಂದದ್ದು ಅತ್ತೆಯಿಂದ. ಅತ್ತೆಗೆ ಹನ್ನೊಂದು ವರ್ಷದ ಹಿಂದೆ ಹಲ್ಲು ಕಟ್ಟಿಕೊಟ್ಟವನು ಮೇಸ್ತ್ರಿಯೇ. ಅದರಲ್ಲಿ ಆಕೆ ಏನು ಬೇಕಾದರೂ ಕಡಿದು ತಿಂದಳು, ಹೊಗಳಿಕೆಯ ಒಂದು ಮಾತು ಆಡಲಿಲ್ಲ. ಆ ಸೆಟ್ಟು ಸವೆದಿತ್ತು. ಹೊಸ ಅಚ್ಚು ತೆಗೆಯಲು ಮೇಸ್ತ್ರಿ ತಾನೇ ಪ್ಲಾಸ್ಟರು ಕಲಸಿಕೊಂಡು ಹೋದಾಗ ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಈ ಸಲ ನನ್ನ ಮಗ ಮಾಡ್ಲಿ ಬಿಡಿ."

ಮಗ ಮಾಡಿದ. ಹದಿನೈದು ದಿನ ಮಾಡಿದ. ಮುಗಿದ ಸೆಟ್ಟು ಡಬ್ಬಿಯಲ್ಲಿ ಕೂತಿತ್ತು. ಮಧ್ಯಾಹ್ನ ಅವನು ಪಾಲಿಶ್ ಪುಡಿ ತರಲು ಹೊರಗೆ ಹೋದ. ಮೇಸ್ತ್ರಿ ಡಬ್ಬಿ ತೆರೆದು ನೋಡಿದ. ಸೆಟ್ಟನ್ನು ಹಿತ್ತಾಳೆಯ ದವಡೆಗೆ ಸಿಕ್ಕಿಸಿ, ಹಲ್ಲಿನ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿದ; ಎಲ್ಲ ಕಡೆಯೂ ಸಮನಾಗಿ ಗುರುತು ಬಿತ್ತು. ತಪ್ಪು ಹುಡುಕಿ ಹುಡುಕಿ ಸೋತ. ಒಂದು ಸಣ್ಣ ತಪ್ಪು ಸಿಕ್ಕಿದ್ದರೂ ಮುಂದಿನದು ಆಗುತ್ತಿರಲಿಲ್ಲವೇನೋ. ಅರೆಯುವ ಕಲ್ಲಿನ ಯಂತ್ರಕ್ಕೆ ಕೈ ಹಾಕಿ, ಕೆಳಗಿನ ಎಡಗಡೆಯ ಎರಡು ದವಡೆ ಹಲ್ಲುಗಳನ್ನು ಒಂದು ಕೂದಲೆಳೆಯಷ್ಟು ಉಜ್ಜಿದ. ಅಷ್ಟೇ. ಹಾಕಿದ ದಿನ ಇದು ಯಾರಿಗೂ ತಿಳಿಯುವುದಿಲ್ಲ. ಅಗಿದ ಭಾರವೆಲ್ಲ ಬಲಗಡೆಗೇ ಬಿದ್ದು, ವಾರದಲ್ಲಿ ವಸಡು ಹುಣ್ಣಾಗುತ್ತದೆ. ಆಗ ಅತ್ತೆ ಬಾಯಿ ಹಿಡಿದುಕೊಂಡು ಬರುತ್ತಾಳೆ, ಅಳಿಯಂದಿರೇ ನೀವೇ ನೋಡಿ ಅನ್ನುತ್ತಾಳೆ. ಅವನಿಗೆ ಬೇಕಾಗಿದ್ದದ್ದು ಆ ಒಂದು ಮಾತು.

ಆ ಮಾತು ಬರಲೇ ಇಲ್ಲ. ಹೊಸ ಹಲ್ಲು ಹಾಕಿಕೊಂಡ ಅತ್ತೆ ಬೀದಿಯ ಮನೆ ಮನೆಗೂ ಹೋಗಿ, "ನೋಡ್ರೇ, ನನ್ನ ಹುಟ್ಟು ಹಲ್ಲೂ ಇಷ್ಟು ಚೆನ್ನಾಗಿ ಕೂತಿರಲಿಲ್ಲ" ಎಂದು ತೋರಿಸಿ ಬಂದಳು. ಒಂದು ವಾರವಾಯಿತು, ಎರಡಾಯಿತು. ಹೊಗಳಿಕೆ ನಿಲ್ಲಲಿಲ್ಲ. ಎಲಾ! ತಾನು ಕೆಡಿಸಿದರೂ ಇವನಿಗೆ ಕೆಡುವುದಿಲ್ಲವೇ? ಮೇಸ್ತ್ರಿಗೆ ನಿದ್ದೆ ಹತ್ತದಾಯಿತು.

ತಿಂಗಳಾಗುತ್ತಾ ಬಂದಿತ್ತು. ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಲ್ಲಿ ತಡೆದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ತಮ್ಮನಿಗೆ ಹೇಳ್ಬಾರ್ದು ಅಂತ ಅಮ್ಮ ಆಣೆ ಹಾಕಿಸ್ಕೊಂಡಿದಾಳೆ. ನಿಮಗಾದ್ರೂ ಹೇಳ್ತೀನಿ. ನಿನ್ನೆ ಅವಳ ಬಾಯಿ ನೋಡ್ದೆ. ಬಲಗಡೆ ಪೂರ್ತಿ ಹುಣ್ಣು, ಕೀವು ತುಂಬಿದೆ. ಗಟ್ಟಿ ಪದಾರ್ಥ ತಿಂದು ಮೂರು ವಾರ ಆಯ್ತಂತೆ. ಎಲ್ಲಾ ನೀರಲ್ಲಿ ನೆನೆಸಿ ನುಂಗ್ತಿದಾಳೆ."

"ಹಾಗಾದ್ರೆ ಸೆಟ್ಟು ತೆಗೆದಿಡೋಕೇನು?" ಎಂದ ಮೇಸ್ತ್ರಿ.

"ಅದನ್ನೇ ಕೇಳ್ದೆ. ಚೆಸ್ಸು ಬಿಟ್ಟು ಬಂದ, ಈಗ ಇದೂ ಕೈಗೆ ಹತ್ತಲಿಲ್ಲ ಅಂತ ಗೊತ್ತಾದ್ರೆ ನನ್ನ ಮಗ ಎಲ್ಲಿಗೆ ಹೋಗ್ತಾನೆ ಅಂತಾಳೆ."

ಮೇಸ್ತ್ರಿ ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಉಜ್ಜುವಾಗ ಅವನ ಕಣ್ಣ ಮುಂದೆ ಇದ್ದದ್ದು ಭಾವಮೈದ ಒಬ್ಬನೇ. ಆ ಹಲ್ಲು ಒಂದು ಬಾಯಿಗೆ ಹೋಗುತ್ತದೆ, ಆ ಬಾಯಿಗೆ ನೋವಾಗುತ್ತದೆ ಎಂಬುದು ಲೆಕ್ಕಕ್ಕೆ ಸಿಕ್ಕಿತ್ತೇ ಹೊರತು ಮನಸ್ಸಿಗೆ ತಟ್ಟಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಬಾಯಿಗಳ ಕೆಲಸ ಮಾಡಿದವನಿಗೆ!

ವರ್ಕ್‌ಶಾಪಿನ ಬೀಗ ತೆಗೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಡಾಕ್ಟರಮ್ಮ.

"ಏನ್ ಮೇಸ್ತ್ರಿ ಇದು? ಮೂರು ಸೆಟ್ಟು ವಾಪಸ್ ಬಂದಿದೆ. ಆ ಬಸ್ ಡ್ರೈವರ್‌ದು, ಟೈಲರ್ ತಾಯಿದು, ಸಂಗೀತದ ಮೇಡಮ್ದು. ಮೂರಕ್ಕೂ ಎಡಗಡೆ ಕಚ್ಚು ಕೂರಲ್ಲ, ಬಲಗಡೆ ಹುಣ್ಣು. ಮೂರೂ ನಿಮ್ಮ ಗ್ರ್ಯಾಂಡ್‌ಮಾಸ್ಟರ್ ಮಾಡಿದ್ದು. ಇನ್ಮೇಲೆ ಅವರ ಕೈಗೆ ನನ್ನ ಕೆಲಸ ಕೊಡ್ಬೇಡಿ. ನೀವೇ ಮಾಡಿ."

ಅವರು ಫೋನು ಇಟ್ಟರು. ಮೇಸ್ತ್ರಿ ಕಕ್ಕಾಬಿಕ್ಕಿಯಾಗಿ ಕೂತ. ಅವನು ಕೆಡಿಸಿದ್ದು ಅತ್ತೆಯದೊಂದೇ. ಈ ಮೂರನ್ನು ಅವನು ಮುಟ್ಟಿಯೂ ಇರಲಿಲ್ಲ. ಆದರೂ ಅವನು ಏನು ಬಯಸಿದ್ದನೋ ಅದು ಈಗ ಅನಾಮತ್ತಾಗಿ ಬಂದು ಮಡಿಲಿಗೆ ಬಿದ್ದಿತ್ತು. ಸುಮ್ಮನಿದ್ದರೆ ಸಾಕು, ಕೋಣೆ ಮತ್ತೆ ಅವನದೇ.

ಭಾವಮೈದ ಒಳಗೆ ಬಂದ. ಡಾಕ್ಟರಮ್ಮ ಅವನಿಗೂ ಹೇಳಿದ್ದರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಚೀಲದಿಂದ ನೋಟ್‌ಬುಕ್ ತೆಗೆದು, ಒಂದು ಪುಟ ತೆರೆದು ಮೇಸ್ತ್ರಿಯ ಮುಂದಿಟ್ಟ. ಅದರಲ್ಲಿ ಅಮ್ಮನ ಸೆಟ್ಟಿನ ಪ್ರತಿ ಹಲ್ಲಿನ ಎತ್ತರ ಬರೆದಿತ್ತು. ಎಡಗಡೆಯ ಎರಡು ದವಡೆ ಹಲ್ಲುಗಳ ಮುಂದೆ, 'ಭಾವ ಉಜ್ಜಿದ್ದು' ಎಂದು ಬರೆದು ಎರಡು ಆಶ್ಚರ್ಯಸೂಚಕ ಹಾಕಿತ್ತು.

"ಅವತ್ತು ಸಾಯಂಕಾಲ ಮತ್ತೆ ಅಳೆದಾಗ ಗೊತ್ತಾಯ್ತು ಭಾವಾ. ನಾವು ಚೆಸ್ಸಲ್ಲಿ ಬಹಳ ದೊಡ್ಡ ನಡೆಗೆ ಮಾತ್ರ ಎರಡು ಗುರುತು ಹಾಕ್ತೀವಿ. ಯಾಕೆ ಉಜ್ಜಿದ್ರಿ ಅಂತ ಒಂದು ವಾರ ತಲೆ ಕೆಡಿಸ್ಕೊಂಡೆ, ಅರ್ಥ ಆಗ್ಲಿಲ್ಲ. ಪ್ರಶ್ನೆ ಕೇಳ್ಬೇಡ ಅಂದಿದ್ರಲ್ಲ, ಕೇಳ್ಲಿಲ್ಲ. ದೊಡ್ಡವರ ನಡೆ ಅರ್ಥ ಆಗ್ದಿದ್ರೆ ಮೊದಲು ಆಡಿ ನೋಡ್ಬೇಕು, ಆಮೇಲೆ ತಿಳಿಯುತ್ತೆ. ಅದಕ್ಕೇ ಮುಂದಿನ ಮೂರಕ್ಕೂ ಹಾಗೇ ಮಾಡ್ದೆ." ಅವನು ತಲೆ ತಗ್ಗಿಸಿದ. "ನಾನು ಎಲ್ಲೋ ಹೆಚ್ಚು ಉಜ್ಜಿದೀನಿ. ಇವತ್ತು ಒಂದೇ ಒಂದು ಪ್ರಶ್ನೆ ಕೇಳ್ತೀನಿ, ಬೈಬೇಡಿ. ಎಷ್ಟು ಉಜ್ಜಬೇಕಿತ್ತು?"

ಮೇಸ್ತ್ರಿ ಆ ಪುಟ ನೋಡುತ್ತಲೇ ಇದ್ದ. ಇಷ್ಟು ವರ್ಷ ಯಾರಾದರೂ ತನ್ನ ಕೈಯನ್ನು ಹೀಗೆ ನೋಡಲಿ ಎಂದು ಹಪಹಪಿಸಿದ್ದ. ನೋಡಿದವನು ಇವನೊಬ್ಬನೇ. ನೋಡಿ ಮೆಚ್ಚಿದ್ದು ಯಾವುದನ್ನು!

"ಎಷ್ಟೂ ಬೇಡವಾಗಿತ್ತು" ಎಂದ. "ನಿನ್ನ ಕೆಲಸದಲ್ಲಿ ತಪ್ಪೇ ಇರ್ಲಿಲ್ಲ. ಬೇಕಂತಲೇ ಕೆಡಿಸ್ದೆ. ಹೊಟ್ಟೆ ಉರೀತು, ಕೆಡಿಸ್ದೆ. ನಿಮ್ಮಮ್ಮನ ಬಾಯಿ ಹುಣ್ಣಾಗಿದೆ. ನಿನಗೆ ಬೇಜಾರಾಗುತ್ತೆ ಅಂತ ಅವರು ಹೇಳಿಲ್ಲ."

ಭಾವಮೈದ ನೋಟ್‌ಬುಕ್ ಮುಚ್ಚಿದ. ಅವನ ಕಿವಿ ಕೆಂಪಾಯಿತು.

"ನನಗೆ ಏನ್ ಮಾಡಿದ್ರೂ ಪರವಾಗಿರ್ಲಿಲ್ಲ ಭಾವಾ. ಬಾಯಿ ಅವಳದು."

ಅಷ್ಟು ಹೇಳಿ, ತಾಯಿಯ ಅಚ್ಚನ್ನು ಅಟ್ಟಣಿಗೆಯಿಂದ ಇಳಿಸಿ, ಬೆನ್ನು ತಿರುಗಿಸಿ ಕೆಲಸಕ್ಕೆ ಕೂತ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಮೇಸ್ತ್ರಿಗೆ. ಎದ್ದು ಫೋನು ತೆಗೆದುಕೊಂಡ. ಡಾಕ್ಟರಮ್ಮನ ನಂಬರು ಒತ್ತಿದ.

"ಡಾಕ್ಟರಮ್ಮಾ, ಆ ಸೆಟ್ಟುಗಳದು ನನ್ನ ತಪ್ಪು. ನಾನು ಮಾಡಿದ್ದನ್ನ ನೋಡಿ ಅವನು ಮಾಡಿದ್ದು. ನಾನು ಮಾಡಿದ್ದೇ ಸುಳ್ಳು ಕೆಲಸ."

ಮೇಸ್ತ್ರಿ ಕಾದ. ಬಿಡಿ ಮೇಸ್ತ್ರಿ, ನಿಮ್ಮ ಕೈ ನನಗೆ ಗೊತ್ತಿಲ್ವಾ ಎನ್ನುತ್ತಾರೇನೋ ಎಂಬ ಆಸೆ ಆಗಲೂ ಇತ್ತು. ಡಾಕ್ಟರಮ್ಮ ಮೆಲ್ಲಗೆ ಎರಡೇ ಮಾತು ಹೇಳಿ ಫೋನಿಟ್ಟರು.

"ಏನಂದ್ರು ಭಾವಾ?" ಬೆನ್ನು ತಿರುಗಿಸಿಕೊಂಡೇ ಕೇಳಿದ ಅವನು.

ಹೊಟ್ಟೆಕಿಚ್ಚು ಒಂದಿಷ್ಟಾದರೂ ಆರಿತ್ತೇ? ಇಲ್ಲ, ಅದು ಎಂದಿನ ಹಾಗೇ ಸುಡುತ್ತಿತ್ತು. ಮೇಸ್ತ್ರಿ ಸ್ಪಿರಿಟ್ ದೀಪವನ್ನು ಅವನ ಪಕ್ಕಕ್ಕೆ ಸರಿಸಿಟ್ಟ.

"ಇನ್ಮೇಲೆ ಅವರ ಕೆಲಸ ಎಲ್ಲಾ ನೀನೇ ಮಾಡ್ಬೇಕಂತೆ. ನಾನು ಮುಟ್ಟಬಾರದಂತೆ" ಎಂದ.