ಆರ್ಚರ್ ಠಾಣೆಯ ಒಂದೇ ಮಂಚ

ಬರ್ನಡೆಟ್ ಕುಜ್ಮಾಗೆ ತನ್ನ ಹೆಸರಿನ ಮೇಲಿದ್ದಷ್ಟು ಪ್ರೀತಿ ಯಾವ ಮನುಷ್ಯರ ಮೇಲೂ ಇರಲಿಲ್ಲ. ಇದು ಅವಳಿಗೆ ಆಗದವರು ಹಬ್ಬಿಸಿದ ಮಾತಲ್ಲ. ಅವಳ ಕೈಕೆಳಗೆ ದುಡಿದು, ಅವಳ ಬೂಟಿನ ಹಿಮ್ಮಡಿ ಹಿಡಿದುಕೊಂಡು ಕಪ್ಪು ಹೊಗೆಯೊಳಗೆ ತೆವಳಿದ ಗಂಡಸರೇ ಹಾಗೆ ಹೇಳುತ್ತಿದ್ದರು. ಹೇಳಿ, ಮರುದಿನ ಮತ್ತೆ ಅವಳ ಹಿಂದೆಯೇ ತೆವಳುತ್ತಿದ್ದರು. ಯಾರು ಸತ್ತರೂ ಅವಳು ಅತ್ತವಳಲ್ಲ, ಯಾರು ಕ್ಷಮೆ ಕೇಳಿದರೂ ಕೊಟ್ಟವಳಲ್ಲ. ಹೆಸರಿಗೆ ಒಂದು ಚುಕ್ಕೆ ಬಿತ್ತೆಂದರೆ ಮಾತ್ರ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಆ ಹೆಸರು ಅವಳಿಗೆ ಪುಕ್ಕಟೆ ಸಿಕ್ಕಿರಲಿಲ್ಲ ಎಂಬುದನ್ನೂ ಹೇಳಬೇಕು. ಶಿಕಾಗೋದ ಆರ್ಚರ್ ರಸ್ತೆಯ ಅಗ್ನಿಶಾಮಕ ಠಾಣೆಗೆ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವಳು ಬಂದಾಗ ಅಲ್ಲಿ ಇನ್ನೊಬ್ಬ ಹೆಂಗಸಿರಲಿಲ್ಲ. ಮೊದಲ ದಿನವೇ ಅವಳ ಬೀರುವಿನ ಮೇಲೆ ಯಾರೋ ಹೆಸರಿನ ಬದಲು ‘ಅತಿಥಿ’ ಎಂದು ಬರೆದು ಚೀಟಿ ಅಂಟಿಸಿದ್ದರು. ಅವಳು ಅದನ್ನು ಕೀಳಲಿಲ್ಲ. ಒಂದು ವರ್ಷ ಅದೇ ಚೀಟಿಯ ಬೀರುವಿನಿಂದ ಕೋಟು ತೆಗೆದುಕೊಂಡು ಬೆಂಕಿಗೆ ಹೋಗಿಬಂದಳು. ಕೊನೆಗೆ ಅಂಟಿಸಿದವನೇ ಒಂದು ಮಧ್ಯಾಹ್ನ ಬಂದು, ಅವಳ ಮುಖ ನೋಡದೆ, ಉಗುರಿನಿಂದ ಕೆರೆದು ತೆಗೆದ. ಇಪ್ಪತ್ತಮೂರು ವರ್ಷದಲ್ಲಿ ಅವಳು ಎಂಜಿನ್ನಿನ ಪಂಪು ನಡೆಸುವವಳಾದಳು, ಆಮೇಲೆ ಲೆಫ್ಟಿನೆಂಟ್ ಆದಳು. ಅವಳ ಪಾಳಿಯಲ್ಲಿ ಫೈರ್ ಎಂಜಿನ್ ಕರೆಗಂಟೆಯ ಸದ್ದು ಅಡಗುವ ಮೊದಲೇ ಬಾಗಿಲು ದಾಟಿರುತ್ತಿತ್ತು. ಪಕ್ಕದ ಠಾಣೆಯವರು ಬೆಂಕಿಗೆ ಬಂದು ನೋಡಿದರೆ ಆರ್ಚರ್‌ನವರ ಪೈಪು ಆಗಲೇ ಒಳಗೆ ಹೋಗಿರುತ್ತಿತ್ತು. ಅವರು ಬೈದುಕೊಳ್ಳುತ್ತಿದ್ದರು. ಅವಳಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ.

ಎಮ್ಮೆಟ್ ಹಾರ್ಟಿಯನ್ನು ಅವಳು ಮದುವೆಯಾದದ್ದು ಅದೇ ಠಾಣೆಯಲ್ಲಿ, ಅದೇ ಎಂಜಿನ್ನಿನ ಮೇಲೆ ಇಬ್ಬರೂ ಕೆಲಸ ಮಾಡುತ್ತಿದ್ದಾಗ. ಅವನು ಐರಿಶ್ ಮನೆಯ ಮಾತಿನಮಲ್ಲ. ಅವಳು ಪೋಲಿಷ್ ಮನೆಯ ಮೌನಿ. ಹನ್ನೊಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಆಸ್ಪತ್ರೆಯ ತುರ್ತು ವಿಭಾಗದ ಒಬ್ಬ ನರ್ಸ್ ಜೊತೆ ಅವನು ಎಂಟು ತಿಂಗಳು ಓಡಾಡಿದ್ದು ಗೊತ್ತಾಯಿತು. ಬರ್ನಡೆಟ್ ಕೂಗಾಡಲಿಲ್ಲ. ಅವನ ಅಂಗಿಗಳಿಗೆ ಇಸ್ತ್ರಿ ಹಾಕಿ, ಮಡಿಸಿ, ಪೆಟ್ಟಿಗೆಗಳಲ್ಲಿ ತುಂಬಿ ಮುಂಬಾಗಿಲ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಳು. ಬೆಂಕಿಯ ಕೋಟಿನ ಹಿಂಭಾಗದಲ್ಲಿ ಹೊಲಿದಿದ್ದ ‘ಹಾರ್ಟಿ’ ಎಂಬ ಅಕ್ಷರಗಳನ್ನು ಬ್ಲೇಡಿನಿಂದ ಒಂದೊಂದೇ ದಾರ ಕೊಯ್ದು ತೆಗೆದು, ತಂದೆಯ ಮನೆತನದ ಹೆಸರು ಹೊಲಿಸಿದಳು.

ಠಾಣೆ ಬಿಟ್ಟು ಹೋಗುವ ಪ್ರಶ್ನೆಯೇ ಏಳಲಿಲ್ಲ. ತಪ್ಪು ಮಾಡಿದವನು ಅವನು, ಹೋಗುವುದಿದ್ದರೆ ಅವನೇ ಹೋಗಲಿ ಎಂದು ಅವಳು. ಹೋದರೆ ಊರೆಲ್ಲ ಓಡಿಹೋದ ಅನ್ನುತ್ತದೆ ಎಂದು ಅವನು. ಅಷ್ಟರಲ್ಲಿ ಅವನೂ ಲೆಫ್ಟಿನೆಂಟ್ ಆಗಿದ್ದ. ಒಂದು ಎಂಜಿನ್ನಿಗೆ ಮೂರು ಪಾಳಿ, ಮೂವರು ಅಧಿಕಾರಿಗಳು, ಒಂದೊಂದು ಪಾಳಿಗೆ ಪೂರಾ ಒಂದು ದಿನ. ಅಧಿಕಾರಿಯ ಕೋಣೆ ಒಂದೇ, ಮಂಚ ಒಂದೇ. ಅವಳು ಬೆಳಗ್ಗೆ ಎದ್ದು ಬಿಟ್ಟ ಮಂಚದಲ್ಲಿ ಅದೇ ದಿನ ಅವನು ಮಲಗಬೇಕು. ಎಂಟು ವರ್ಷ ಹೀಗೆಯೇ ನಡೆಯಿತು. ಅವಳು ತನ್ನ ಹೊದಿಕೆ, ತಲೆದಿಂಬು ಎಲ್ಲ ಕಟ್ಟಿಕೊಂಡು ಬರಿಯ ಹಾಸಿಗೆ ಬಿಟ್ಟು ಹೋಗುತ್ತಿದ್ದಳು. ಅವನು ತನ್ನದನ್ನು ತಂದು ಹಾಸಿಕೊಳ್ಳುತ್ತಿದ್ದ. ಮೂರು ದಿನಕ್ಕೊಮ್ಮೆ ಅಡುಗೆಮನೆಯ ಮೇಜಿನ ಆಚೀಚೆ ನಿಂತು ಇಬ್ಬರೂ ಪಾಳಿ ಒಪ್ಪಿಸಿಕೊಳ್ಳುತ್ತಿದ್ದರು.

“ಎಷ್ಟು ಕರೆ?”

“ಐದು. ಬೆಂಕಿ ಒಂದೇ.”

“ಪಂಪು?”

“ಎಡಗಡೆ ಮೂರನೇ ಕವಾಟ ಸೋರ್ತಿದೆ. ಬರೆದಿಟ್ಟಿದೀನಿ.”

“ಸರಿ.”

“ಸರಿ.”

ಅವಳ ಪಾಳಿಯ ಓಡೆಲ್ ಟಿಬ್ಸ್, ಮೇಜಿನ ತುದಿಯಲ್ಲಿ ಕಾಫಿ ಕುಡಿಯುತ್ತ, ಒಮ್ಮೆ ಅಂದಿದ್ದ: “ನಮ್ಮಪ್ಪ ಅಮ್ಮನಿಗೆ ಮದುವೆಯಾಗಿ ನಲವತ್ತು ವರ್ಷ ಆಯ್ತು. ಇಷ್ಟು ಮಾತು ಅವರೂ ಆಡಲ್ಲ.”

ಇಂಥ ಠಾಣೆಗೆ ಟೀವಿಯವನು ಬಂದ. ಲೈಲ್ ಪ್ರೆಸ್ಕಾಟ್ ಎಂದು ಹೆಸರು. ಸಣಕಲು ಆಳು, ಕೈಯಲ್ಲಿ ದಪ್ಪ ನೋಟ್‌ಪುಸ್ತಕ. ಅಗ್ನಿಶಾಮಕರ ಬಗ್ಗೆ ‘ಆರ್ಚರ್ ಹೌಸ್’ ಎಂಬ ಧಾರಾವಾಹಿ ಬರೆಯುವವರಲ್ಲಿ ಒಬ್ಬ. ಅದು ಪ್ರತಿ ಮಂಗಳವಾರ ಸಂಜೆ ಬರುತ್ತಿತ್ತು. ಅದರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಗಂಡನನ್ನೋ ಹೆಂಡತಿಯನ್ನೋ ಪ್ರೀತಿಸುತ್ತಿದ್ದರು, ನಡುವೆ ಒಂದು ಬೆಂಕಿ ಬೀಳುತ್ತಿತ್ತು, ಆ ಬೆಂಕಿಯಲ್ಲಿ ಯಾರ ಕ್ರಾಪೂ ಕೆಡುತ್ತಿರಲಿಲ್ಲ. ಠಾಣೆಯ ಜನ ಅದನ್ನು ತಪ್ಪು ಎಣಿಸಲೆಂದೇ ಕೂತು ನೋಡುತ್ತಿದ್ದರು. ಪ್ರೆಸ್ಕಾಟ್ ಒಂದು ವಾರ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿದುಕೊಟ್ಟ. ಬರ್ನಡೆಟ್ ಅವನಿಗೆ ಪಂಪಿನ ಬಗ್ಗೆ ಒಂದು ಗಂಟೆ ಹೇಳಿದಳು. ಅವನು ಅರ್ಧ ಪುಟ ಬರೆದುಕೊಂಡ. ಎಮ್ಮೆಟ್ ಮಂಚದ ಬಗ್ಗೆ ಹತ್ತು ನಿಮಿಷ ಹೇಳಿದ. ಅವನು ಒಂಬತ್ತು ಪುಟ ಬರೆದುಕೊಂಡ.

ನಾಲ್ಕು ತಿಂಗಳಾದ ಮೇಲೆ ಒಂದು ಮಂಗಳವಾರ ಧಾರಾವಾಹಿಗೆ ಮಾರ್ಗೊ ಎಂಬ ಹೊಸ ಲೆಫ್ಟಿನೆಂಟ್ ಬಂದಳು. ಅವಳೂ ಅವಳು ಬಿಟ್ಟ ಗಂಡನೂ ಒಂದೇ ಠಾಣೆಯಲ್ಲಿ, ಬೇರೆ ಬೇರೆ ಪಾಳಿಯಲ್ಲಿ, ಒಂದೇ ಮಂಚದಲ್ಲಿ. ಮಾರ್ಗೊ ಕೋಟಿನ ಗುಂಡಿ ಹಾಕದೆ ಒಂದು ಬೆಂಕಿಗೆ ನುಗ್ಗಿದಳು. ಕೊನೆಗೆ ಬಾಗಿಲು ಹಾಕಿಕೊಂಡು, ಅವನು ಮರೆತುಹೋದ ತಲೆದಿಂಬನ್ನು ಮೂಗಿಗೆ ಒತ್ತಿಕೊಂಡು ಅತ್ತಳು. ಠಾಣೆಯಲ್ಲಿ ಯಾರೋ ಟೀವಿಯ ಸದ್ದು ತಗ್ಗಿಸಿದರು. ಹಿಂದಿನ ಕುರ್ಚಿಯಿಂದ ಬರ್ನಡೆಟ್ ಎದ್ದಳು.

“ಯಾವ ಅಧಿಕಾರೀನೂ ಕೋಟಿನ ಗುಂಡಿ ಹಾಕದೆ ಬೆಂಕಿಯೊಳಗೆ ಹೋಗಲ್ಲ,” ಎಂದಷ್ಟೇ ಹೇಳಿ ಹೊರಗೆ ಹೋದಳು.

ಅಗ್ನಿಶಾಮಕರಲ್ಲಿ ಒಂದು ಕಟ್ಟಲೆಯಿದೆ. ಯಾರ ಮುಖ ಟೀವಿಯಲ್ಲೋ ಪತ್ರಿಕೆಯಲ್ಲೋ ಬಂತೋ ಅವರು ಠಾಣೆಗೆಲ್ಲ ಐಸ್‌ಕ್ರೀಮ್ ತರಬೇಕು. ಬೆಂಕಿಗೆ ಹೋಗುವುದು ಎಲ್ಲರೂ, ಹೆಸರು ಒಬ್ಬನಿಗೇ ಏಕೆ ಎಂಬುದು ಅದರ ನ್ಯಾಯ. ಈಗ ಹೊಸ ತಕರಾರು ಹುಟ್ಟಿತು.

“ಮುಖ ಬಂದಿಲ್ಲ,” ಎಂದ ಓಡೆಲ್. “ಬಂದಿರೋದು ಬಾಳು. ಬಾಳಿಗೆ ಐಸ್‌ಕ್ರೀಮ್ ಉಂಟಾ?”

ಅಡುಗೆ ನೋಡಿಕೊಳ್ಳುತ್ತಿದ್ದ ಹಿರಿಯ ಝಿಗ್ಗಿ ಪಿಲಾರ್ಜ್ ಎಲೆಕೋಸು ಹೆಚ್ಚುತ್ತ ಹೇಳಿದ: “ಬಾಳಿಗೆ ಎರಡರಷ್ಟು ಕಣೋ. ಆದ್ರೆ ಅವಳ ಹತ್ರ ಹೋಗಿ ಕೇಳೋನು ನೀನೇ.”

ಕೇಳುವ ಕೆಲಸ ಬೀಳಲಿಲ್ಲ. ಮುಂದಿನ ಪಾಳಿಯ ಮಧ್ಯಾಹ್ನ ಎಮ್ಮೆಟ್, ತನ್ನ ರಜೆಯ ದಿನ, ಮೂರು ದೊಡ್ಡ ಡಬ್ಬಿ ಹೊತ್ತುಕೊಂಡು ಒಳಗೆ ಬಂದು ಮೇಜಿನ ಮೇಲಿಟ್ಟ.

“ಟೀವೀಲಿ ಬಂದಿರೋ ಕತ್ತೆ ನಾನು. ತಿನ್ರಪ್ಪ,” ಎಂದ. ಆಮೇಲೆ ಅವಳ ಕಡೆ ತಿರುಗಿದ. “ಹೇಳಿದ್ದು ನಾನೇ, ಬರ್ನಿ. ಅವನು ಕೇಳ್ದ, ನಾನು ಬಾಯಿ ಬಿಟ್ಟೆ. ತಲೆದಿಂಬಿನ ವಿಷಯ ಮಾತ್ರ ನಾನು ಹೇಳಿಲ್ಲ.”

“ಹೇಳೋಕೆ ಅದು ನಡೆದಿದ್ರೆ ತಾನೆ.”

“ಅದೇ ನಾನೂ ಅಂದಿದ್ದು.”

“ನರ್ಸ್ ವಿಷಯ ಹೇಳಿದ್ಯಾ?”

ಎಮ್ಮೆಟ್ ಚಮಚಗಳನ್ನು ಎಣಿಸತೊಡಗಿದ. “ಇಲ್ಲ.”

“ಹಾಗಾದ್ರೆ ಪೂರಾ ಕಥೆ ಹೇಳಿಲ್ಲ. ಸರಿ ಹೋಗು, ಕರಗ್ತಿದೆ, ಹುಡುಗರಿಗೆ ಹಂಚು.”

ಅವಳು ತಿನ್ನಲಿಲ್ಲ. ಉಳಿದವರು ತಿಂದರು, ಸ್ವಲ್ಪ ನಾಚಿಕೆಯಿಂದ, ಆದರೆ ಡಬ್ಬಿ ಬಳಿದು.

ನೆರೆಹೊರೆಯವರ ನಗೆಯನ್ನು ಅವಳು ತಡೆದುಕೊಂಡಳು. ಚರ್ಚಿನಲ್ಲಿ ಹೆಂಗಸರು ಕೈ ಒತ್ತಿ ಹಿಡಿದು ಮರುಕ ತೋರಿಸಿದ್ದನ್ನೂ ಸಹಿಸಿದಳು. ಆದರೆ ಒಂದು ದಿನ ಪುಲಾಸ್ಕಿ ರಸ್ತೆಯ ಚೌಕದಲ್ಲಿ ಎರಡು ಕಾರು ಡಿಕ್ಕಿ ಹೊಡೆದಿದ್ದವು. ನುಜ್ಜಾದ ಕಾರಿನೊಳಕ್ಕೆ ಅರ್ಧ ತೂರಿಕೊಂಡು ಅವಳು ಒಬ್ಬ ಧಡೂತಿ ಮನುಷ್ಯನ ಕುತ್ತಿಗೆ ಅಲ್ಲಾಡದಂತೆ ಹಿಡಿದಿದ್ದಳು. ಅವನು ಕಣ್ಣು ಬಿಟ್ಟು ಅವಳ ಹೆಲ್ಮೆಟ್ ನೋಡಿದ.

“ಆರ್ಚರ್ ಠಾಣೆ? ಆ ಮಂಚದ ಲೆಫ್ಟಿನೆಂಟ್ ನೀವೇನಾ?”

“ತಲೆ ಅಲ್ಲಾಡಿಸಬೇಡಿ. ಓಡೆಲ್, ಬಾಗಿಲು ಕತ್ತರಿಸು.”

ಓಡೆಲ್ ನಕ್ಕುಬಿಟ್ಟ. ಎರಡೇ ಕ್ಷಣ, ಕತ್ತರಿ ಹಿಡಿದ ಕೈ ನಿಂತಿತು, ಮತ್ತೆ ನಡೆಯಿತು. ತನ್ನ ತಪ್ಪು ಗೊತ್ತಾಗಿ ಅವನ ಮುಖ ಬಾಡಿತು. ವಾಪಸು ಬರುವಾಗ ಎಂಜಿನ್ನಿನಲ್ಲಿ, “ಕ್ಷಮಿಸಿ, ಲೆಫ್ಟಿನೆಂಟ್,” ಎಂದ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಅವಳು ಆಜ್ಞೆ ಕೊಟ್ಟಾಗ ಒಬ್ಬ ಕೈ ನಿಲ್ಲಿಸಿ ನಕ್ಕಿದ್ದ. ಅವಳ ಮಾತಿಗೆ ಎರಡು ಕ್ಷಣ ತಡವಾಯಿತು ಎಂದರೆ ಒಳಗೆ ಸಿಕ್ಕಿಕೊಂಡವರಿಗೆ ಎರಡು ಕ್ಷಣ ತಡವಾಯಿತು. ಆ ಮಂಚ ಕಥೆಯಿಂದ ಹೋಗಲೇಬೇಕು ಎಂದು ಅವಳು ಅಲ್ಲಿಯೇ ನಿಶ್ಚಯಿಸಿದಳು.

ದಾರಿಯೂ ಸಿಕ್ಕಿತು. ಧಾರಾವಾಹಿಯವರಿಗೆ ಠಾಣೆಯ ಮುಂಬಾಗಿಲಲ್ಲಿ ಎರಡು ದಿನ ಚಿತ್ರೀಕರಣ ಬೇಕಿತ್ತು. ಮೇಲಧಿಕಾರಿ ಅವಳನ್ನು ಕರೆದು, “ಶೂಟಿಂಗ್ ನಿನ್ನ ಪಾಳಿಯ ದಿನ. ಬಾಗಿಲಲ್ಲಿ ಕ್ಯಾಮೆರಾ ಇಡೋದು ಬಿಡೋದು ನಿನಗೆ ಸೇರಿದ್ದು, ಕುಜ್ಮಾ. ನೀನು ಬೇಡ ಅಂದ್ರೆ ಬೇಡ,” ಎಂದ. ಅವಳು ಬೇಡ ಎಂದು ಹೇಳಿಕಳಿಸಿದಳು. ಮಂಚದ ಕಥೆ ಕೈಬಿಟ್ಟರೆ ಮಾತ್ರ ಯೋಚಿಸುತ್ತೇನೆ ಎಂದಳು. ಮೂರನೇ ದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಪ್ರೆಸ್ಕಾಟ್ ಬಂದ. ಕೈಯಲ್ಲಿ ಒಂದು ಕಂತೆ ಕಾಗದ. ಝಿಗ್ಗಿ ಸಾಸೇಜು ಹುರಿಯುತ್ತಿದ್ದವನು ಅವನಿಗೂ ಒಂದು ತಟ್ಟೆ ಇಟ್ಟ.

“ನಮ್ಮ ಮೇಲಿನವರು ಒಪ್ಪಿದಾರೆ,” ಎಂದ ಪ್ರೆಸ್ಕಾಟ್. “ಮುಂದಿನ ಕಂತುಗಳಲ್ಲಿ ಒಂದು ಬದಲಾವಣೆ. ನೀವು ಗುರುತು ಹಾಕಿದ್ದನ್ನ ಬದಲಾಯಿಸ್ತೀವಿ. ಆದ್ರೆ ಒಂದೇ. ಎರಡು ಕೇಳಿದ್ರೆ ಬೇರೆ ಠಾಣೆ ನೋಡ್ಕೋತೀವಿ ಅಂದಿದಾರೆ.”

“ಯಾವುದು ಅಂತ ಆಗಲೇ ಹೇಳಿದೀನಿ.”

“ಗೊತ್ತು, ಮಂಚ. ಅಲ್ಲಿ ಕೆಂಪು ಚೀಟಿ ಅಂಟಿಸಿದೀನಿ, ನೀವು ಒಂದು ಗೆರೆ ಎಳೆದ್ರೆ ಮುಗೀತು. ಆದ್ರೆ ಒಂದ್ಸಲ ಪೂರ್ತಿ ಓದಿ. ನಿಮಗೆ ಖುಷಿಯಾಗುತ್ತೆ. ಮುಂದಿನ ಕಂತಲ್ಲಿ ಮಾರ್ಗೊ ಎದ್ದು ನಿಲ್ತಾಳೆ. ಇಡೀ ಊರು ಅವಳ ಪರ.”

ಅವಳು ಕನ್ನಡಕ ಹಾಕಿಕೊಂಡು ಓದಿದಳು. ಮಾರ್ಗೊ ಗಂಡನನ್ನು ಬಿಟ್ಟದ್ದು ಏಕೆಂದು ಅದರಲ್ಲಿತ್ತು. ಒಂದು ನೆಲಮಾಳಿಗೆಯ ಬೆಂಕಿ. ಮಾಡು ಕುಸಿದು ಠಾಣೆಯ ಅಡುಗೆಯವನು ತೊಲೆಯ ಕೆಳಗೆ ಸಿಕ್ಕಿಕೊಳ್ಳುತ್ತಾನೆ. ಗಂಡ ಪೈಪು ಬಿಸಾಡಿ ಮೆಟ್ಟಿಲು ಹತ್ತಿ ಓಡುತ್ತಾನೆ. ಮಾರ್ಗೊ ಒಳಗೆ ನುಗ್ಗಿ ಅಡುಗೆಯವನನ್ನು ಎಳೆದು ತರುತ್ತಾಳೆ. ನಗರಪಿತರು ಅವಳಿಗೆ ಪದಕ ತೊಡಿಸುತ್ತಾರೆ.

ಬರ್ನಡೆಟ್ ತಲೆಯೆತ್ತಿದಳು. “ಝಿಗ್ಗಿ, ಇವನಿಗೆ ನೆಲಮಾಳಿಗೆ ವಿಷಯ ಹೇಳಿದ್ಯಾ?”

“ಕೇಳ್ದ, ಹೇಳ್ದೆ,” ಎಂದ ಝಿಗ್ಗಿ, ಬಾಣಲೆಯಿಂದ ಕಣ್ಣೆತ್ತದೆ. “ಸರಿಯಾಗೇ ಹೇಳ್ದೆ.”

“ಕಥೆಗೆ ಸ್ವಲ್ಪ ತಿರುವು ಬೇಕಲ್ವಾ,” ಎಂದ ಪ್ರೆಸ್ಕಾಟ್. “ಅವನು ಹೇಡಿ ಆದ್ರೆ ನೋಡೋರಿಗೆ ನೀವು ಬಿಟ್ಟಿದ್ದು ನ್ಯಾಯ ಅನ್ಸುತ್ತೆ. ನಿಮಗೇ ಒಳ್ಳೇದು.”

ಅದು ಸುಳ್ಳಲ್ಲ. ಈ ಕಂತು ಬಂದರೆ ಚರ್ಚಿನ ಹೆಂಗಸರು ಮರುಕ ಬಿಟ್ಟು ಮೆಚ್ಚುಗೆ ತೋರಿಸುತ್ತಾರೆ. ಮಂಚವೂ ಹೋದರೆ ಉಳಿಯುವುದು ಪದಕದ ಮಾರ್ಗೊ ಒಬ್ಬಳೇ. ಎಮ್ಮೆಟ್ ಬಾಯಿ ಬಿಟ್ಟದ್ದಕ್ಕೆ ಎಮ್ಮೆಟ್ಟೇ ಉಣ್ಣಲಿ. ಯಾರೂ ಅವಳನ್ನು ತಪ್ಪು ಅನ್ನುತ್ತಿರಲಿಲ್ಲ.

ಹದಿಮೂರು ವರ್ಷದ ಹಿಂದೆ ಆ ನೆಲಮಾಳಿಗೆಯ ದಿನ ಅವಳು ಒಳಗೆ ಹೋಗಿಯೇ ಇರಲಿಲ್ಲ. ರಸ್ತೆಯಲ್ಲಿ ಪಂಪಿನ ಮುಂದೆ ನಿಂತಿದ್ದಳು; ನೀರು ಕೊಡುವುದು ಅವಳ ಕೆಲಸ. ಒಳಗೆ ಪೈಪು ಹಿಡಿದು ಹೋದವರು ಎಮ್ಮೆಟ್ ಮತ್ತು ಝಿಗ್ಗಿ. ಮಾಡು ಕುಸಿದ ಸದ್ದು ಕೇಳಿತು. ಎಲ್ಲರೂ ಹೊರಗೆ ಬನ್ನಿ ಎಂದು ಆಜ್ಞೆಯಾಯಿತು. ರೇಡಿಯೋದಲ್ಲಿ ಇಬ್ಬರ ದನಿಯೂ ಬರಲಿಲ್ಲ. ಅವಳೆದುರು ಇದ್ದದ್ದು ಒತ್ತಡ ತೋರಿಸುವ ಮಾಪಕದ ಮುಳ್ಳು ಒಂದೇ. ಬಿಸಾಡಿದ ಪೈಪು ಒಂದೇ ಸಮನೆ ಸುರಿಯುತ್ತದೆ, ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಕೈಯಲ್ಲಿರುವ ಪೈಪು ಹಾಗಲ್ಲ. ಹಿಡಿದವನು ಬೆಂಕಿ ನೋಡಿಕೊಂಡು ಬಿಡುತ್ತಾನೆ, ಮುಚ್ಚುತ್ತಾನೆ, ಮತ್ತೆ ಬಿಡುತ್ತಾನೆ. ಮುಳ್ಳು ಏರುತ್ತದೆ, ಇಳಿಯುತ್ತದೆ. ಅವತ್ತು ಅದು ಏರಿಳಿಯುತ್ತಲೇ ಇತ್ತು. “ಇಬ್ಬರೂ ಹೋದರು,” ಎಂದು ಪಕ್ಕದಲ್ಲಿ ಯಾರೋ ಅಂದರು. “ಇಲ್ಲ, ಕೆಲಸ ಮಾಡ್ತಿದಾನೆ,” ಎಂದು ಅವಳು ಗಡಿಯಾರ ನೋಡಿದಳು. ಜನ ಹಿಂಬದಿಯ ಗೋಡೆ ಒಡೆದು ತೊಲೆ ಎತ್ತುವವರೆಗೆ ಅವನು ಝಿಗ್ಗಿಯ ಮೇಲೆ ನೀರು ಹಿಡಿದುಕೊಂಡೇ ಕೂತಿದ್ದ. ಅದಕ್ಕೆ ಯಾರೂ ಪದಕ ಕೊಡಲಿಲ್ಲ. ಹೊರಬರಲು ಹೇಳಿದಾಗ ಬರಲಿಲ್ಲವೆಂದು ಎಮ್ಮೆಟ್ ಬೈಸಿಕೊಂಡ.

ಬಾಣಲೆ ಚಟಪಟ ಅನ್ನುತ್ತಿತ್ತು. ಓಡೆಲ್ ತಟ್ಟೆಗಳನ್ನು ಸದ್ದಿಲ್ಲದೆ ಇಡುತ್ತಿದ್ದ. ಬರ್ನಡೆಟ್ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದಳು. ಕೆಂಪು ಚೀಟಿಯ ಪುಟ ಬಂತು. ಅದನ್ನು ಮಗುಚಿ ಮುಂದೆ ಹೋದಳು. ‘ಪೈಪು ಬಿಸಾಡಿ ಮೆಟ್ಟಿಲು ಹತ್ತಿ ಓಡುತ್ತಾನೆ’ ಎಂಬ ಸಾಲಿನ ಮೇಲೆ ಗೆರೆ ಎಳೆದಳು. ಅಂಚಿನಲ್ಲಿ, ದಿನಚರಿಗೆ ಬರೆಯುವ ಅದೇ ನೆಟ್ಟಗಿನ ಅಕ್ಷರದಲ್ಲಿ ಬರೆದಳು: ಪೈಪು ಬಿಡಲಿಲ್ಲ. ಹನ್ನೊಂದು ನಿಮಿಷ.

ಪ್ರೆಸ್ಕಾಟ್ ಬಗ್ಗಿ ನೋಡಿದ. “ಹಾಗಾದ್ರೆ ಮಂಚ?”

“ಒಂದೇ ಅಂದ್ರಲ್ಲ,” ಎಂದು ಅವಳು ಕಾಗದಗಳ ಅಂಚನ್ನು ಮೇಜಿಗೆ ಕುಟ್ಟಿ ಸಮ ಮಾಡಿ ಅವನ ಕೈಗೆ ಕೊಟ್ಟಳು.