ಸೋತ ಕಣ್ಣಿನ ಸರದಿ

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ, ಪ್ರಯೋಗಶಾಲೆಯ ಮೆಟ್ಟಿಲ ಮೇಲೆ ನಿಂತವರಿಗೆ ಎದುರಿನ ಗೇಟೇ ಕಾಣುತ್ತಿರಲಿಲ್ಲ. ಸೈಕಲ್ಲಿನ ಬೆಲ್ಲು ಮೊದಲು ಬಂದು, ಸೈಕಲ್ಲು ಆಮೇಲೆ ಬರುತ್ತಿತ್ತು. ನೋಟದ ವಿಜ್ಞಾನಕ್ಕೆ ಮೂವತ್ತನಾಲ್ಕು ವರ್ಷ ದುಡಿದ ಗುರುಗಳೊಬ್ಬರು ನಿವೃತ್ತರಾಗುವ ದಿನವೇ ಇಂಥ ಬೆಳಗನ್ನು ಕಳಿಸಿದ್ದು ಭಗವಂತನ ವಿನೋದವಲ್ಲದೆ ಮತ್ತೇನು?

ಆ ಗುರುಗಳು ದಾಖಲೆಯಲ್ಲಿ ಪ್ರಾಧ್ಯಾಪಕಿ, ಶಿಷ್ಯರ ಬಾಯಲ್ಲಿ ಕಣ್ಣಮ್ಮ. ಒಂದು ಕಣ್ಣಿಗೆ ಒಂದು ಚಿತ್ರ, ಇನ್ನೊಂದಕ್ಕೆ ಬೇರೆಯದೇ ಚಿತ್ರ ತೋರಿಸಿದರೆ ಮನಸ್ಸು ಎರಡನ್ನೂ ಕಲಸಿ ಒಂದು ಮಾಡುವುದಿಲ್ಲ. ಸ್ವಲ್ಪ ಹೊತ್ತು ಇದನ್ನು, ಸ್ವಲ್ಪ ಹೊತ್ತು ಅದನ್ನು ಕಾಣುತ್ತದೆ. ಚಿತ್ರಗಳು ಇದ್ದಲ್ಲೇ ಇರುತ್ತವೆ, ಕಾಣ್ಕೆ ಮಾತ್ರ ಹೊರಳುತ್ತದೆ. ಕಣ್ಣುಗಳ ಈ ಪೈಪೋಟಿಯನ್ನು ಅಷ್ಟು ತಾಳ್ಮೆಯಿಂದ, ಅಷ್ಟು ಭಕ್ತಿಯಿಂದ ಅಳೆದವರು ವಿರಳ. "ದೇವರು ಕಣ್ಣು ಎರಡು ಕೊಟ್ಟ, ಲೋಕ ಒಂದೇ ಕೊಟ್ಟ. ನಡುವೆ ಏನು ರಾಜಿ ನಡೆಯುತ್ತೆ ನೋಡೋಣ ಬನ್ನಿ" ಎಂದೇ ಅವರ ಪಾಠ ಶುರುವಾಗುತ್ತಿತ್ತು.

ಅವರ ಮುಖ್ಯ ಉಪಕರಣ ನಾಲ್ಕು ಕನ್ನಡಿಗಳ ಒಂದು ಮರದ ಪೆಟ್ಟಿಗೆ. ಅದನ್ನು ಮಾಡಿಕೊಟ್ಟವರು ವರ್ಕ್‌ಶಾಪಿನ ಬಡಗಿ, ಎಲ್ಲರ ಕನ್ನಡಿ ಮಾವ. ಗದ್ದವನ್ನು ಲೋಹದ ಪಟ್ಟಿಯ ಮೇಲೂರಿ ಒಳಗೆ ನೋಡಿದರೆ ಎಡಗಣ್ಣಿಗೆ ಕೆಂಪು ಗೆರೆಗಳು, ಬಲಗಣ್ಣಿಗೆ ಹಸಿರು ಗೆರೆಗಳು. ಕೆಂಪು ಕಂಡಷ್ಟು ಹೊತ್ತು ಗುಂಡಿ ಒತ್ತಿ ಹಿಡಿಯಬೇಕು, ಹಸಿರು ಬಂದೊಡನೆ ಬಿಡಬೇಕು. ಪಕ್ಕದಲ್ಲಿ ಉರುಳುವ ಕಾಗದದ ಸುರುಳಿಯ ಮೇಲೆ ಪೆನ್ನೊಂದು ಅದನ್ನೆಲ್ಲ ಬರೆದುಕೊಳ್ಳುತ್ತಿತ್ತು.

ಇಪ್ಪತ್ತೆಂಟು ವರ್ಷಗಳ ಹಿಂದೆ ಆ ಪೆಟ್ಟಿಗೆಯ ಮುಂದೆ ಹೊಸ ವಿದ್ಯಾರ್ಥಿಯೊಬ್ಬ ಕುಳಿತ. ದಪ್ಪ ಕನ್ನಡಕದ ದೆಸೆಯಿಂದ ಅವನಿಗೆ ಸೋಡಾಬುಡ್ಡಿಯೆಂದು ಹೆಸರಾಗಿತ್ತು. ಅವನು ಕಾದ. ಹಸಿರು ಹಸಿರಾಗಿಯೇ ಇತ್ತು. ಅವನ ಎಡಗಣ್ಣು ಚಿಕ್ಕಂದಿನಿಂದ ಸೋತ ಕಣ್ಣು. ಬಲಗಣ್ಣು ತೆರೆದಿರುವಾಗ ಅದರ ಮಾತನ್ನು ಮನಸ್ಸು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಇದು ತಿಳಿದರೆ ಬೇರೆ ವಿಭಾಗ ನೋಡಿಕೋ ಎನ್ನುತ್ತಾರೆಂಬ ಹೆದರಿಕೆಯಲ್ಲಿ ಅವನು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ ಗುಂಡಿ ಒತ್ತಿದ. ಮತ್ತೆ ಮೂರು ಎಣಿಸಿ ಬಿಟ್ಟ.

ಮರುದಿನ ಕಣ್ಣಮ್ಮ ಸುರುಳಿಯನ್ನು ಮೇಜಿನುದ್ದಕ್ಕೂ ಹಾಸಿ ಅವನನ್ನು ಕರೆದರು.

"ಏನಪ್ಪಾ, ಗಡಿಯಾರ ಏನಾದ್ರೂ ನುಂಗಿದ್ದೀಯಾ?"

"ಯಾಕೆ ಮೇಡಂ?"

"ಮೂರು ಸೆಕೆಂಡು, ಮೂರು ಸೆಕೆಂಡು, ಮತ್ತೆ ಮೂರು. ನಿಜವಾಗಿ ಕಂಡೋರ ಕೈ ತಡವರಿಸುತ್ತೆ ಕಣೋ. ಒಂದ್ಸಲ ಒಂದಾದ್ರೆ, ಇನ್ನೊಂದ್ಸಲ ಐದು. ಯಾವ ಕಣ್ಣು?"

"ಎಡಗಣ್ಣು. ನನ್ನನ್ನ ಕಳಿಸಿಬಿಡ್ತೀರಾ?"

ಬಾಗಿಲಲ್ಲಿ ಕನ್ನಡಿ ಉಜ್ಜುತ್ತಿದ್ದ ಮಾವ ತಲೆಯೆತ್ತದೆ, "ಕಳಿಸಬೇಡಿ ಅಮ್ಮಾ. ನನ್ನ ಕಥೆಗಳನ್ನ ಚಹಾ ಆರೋವರೆಗೂ ಕೇಳೋನು ಇವನೊಬ್ಬನೇ" ಎಂದರು.

ಕಣ್ಣಮ್ಮ ನಗಲಿಲ್ಲ, ಗದರಲೂ ಇಲ್ಲ. ಸುಳ್ಳು ಸುರುಳಿಯನ್ನು ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಹೊಸದೊಂದು ಖಾಲಿ ಸುರುಳಿಯನ್ನು ತಗಡಿನ ಡಬ್ಬಿಯಲ್ಲಿಟ್ಟು ಅವನ ಕೈಗಿತ್ತರು. "ನಿಜದ್ದೊಂದು ನನಗೆ ಬಾಕಿ. ಎಡಗಣ್ಣಿನ ಸರದಿ ಬಂದ ದಿನ ತಂದುಕೊಡು. ಅಲ್ಲಿವರೆಗೂ ಆ ಸುಳ್ಳಿನ ಸುರುಳಿ ನನ್ನ ಹತ್ರ ಇರುತ್ತೆ. ಅವತ್ತು ನಿನ್ನದು ನಿನಗೆ."

ಅಂದಿನಿಂದ ಆ ಪ್ರಯೋಗಶಾಲೆಯ ದಾರಿಯೇ ಹೊರಳಿತು. ಬಲವಾದ ಕಣ್ಣಿನ ಚಿತ್ರವನ್ನು ಮಂಕು ಮಾಡುತ್ತ ಹೋದರೆ ಸೋತ ಕಣ್ಣು ಯಾವ ಹಂತದಲ್ಲಿ ಬಾಯಿ ಬಿಡುತ್ತದೆಂದು ಗುರುಶಿಷ್ಯರಿಬ್ಬರೂ ವರ್ಷಗಟ್ಟಲೆ ಹುಡುಕಿದರು. ಮಂದದೃಷ್ಟಿಯ ಮಕ್ಕಳು ಬಂದಾಗ, ಚಳಿಯ ದಿನಗಳಲ್ಲಿ ಗದ್ದದ ಪಟ್ಟಿಯನ್ನು ಕಣ್ಣಮ್ಮ ಮೊದಲು ತಮ್ಮ ಅಂಗೈಯಿಂದ ಬೆಚ್ಚಗೆ ಮಾಡುತ್ತಿದ್ದುದನ್ನು ಕಂಡವರು ಮರೆಯಲಾರರು. ಲೇಖನಗಳಲ್ಲಿ ಶಿಷ್ಯನ ಹೆಸರನ್ನು ಮುಂದಿಟ್ಟು ತಮ್ಮದನ್ನು ಹಿಂದಿಟ್ಟರು. ಸೋಡಾಬುಡ್ಡಿ ತಾನೂ ಮೇಷ್ಟ್ರಾದ, ತಲೆ ನರೆಯಿತು. ಆದರೆ ಎಷ್ಟೋ ಮಕ್ಕಳನ್ನು ಆ ಪೆಟ್ಟಿಗೆಯ ಮುಂದೆ ಕೂರಿಸಿದವನು ತಾನು ಮಾತ್ರ ಮತ್ತೆ ಕೂರಲಿಲ್ಲ. ಕಂಡೀತೆಂಬ ಆಸೆಯನ್ನು ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಕಣ್ಣಮ್ಮ ಒಮ್ಮೆಯೂ ಕೇಳಲಿಲ್ಲ.

ಆ ಮಂಜಿನ ಬೆಳಗ್ಗೆ ಅವನು ತಗಡಿನ ಡಬ್ಬಿ ಹಿಡಿದು ಎಲ್ಲರಿಗಿಂತ ಮೊದಲೇ ಬಂದ. ಎಂದೋ ನಿವೃತ್ತರಾಗಿದ್ದ ಕನ್ನಡಿ ಮಾವ ಹಳೆಯ ಯಂತ್ರಕ್ಕೆ ಎಣ್ಣೆ ಬಿಟ್ಟು ಕಾಯುತ್ತಿದ್ದರು.

"ಸುರುಳಿ ಹಳದಿಯಾಯ್ತು, ನಿನ್ನ ತಲೆ ಬೆಳ್ಳಗಾಯ್ತು. ಇನ್ಯಾವ ಬಣ್ಣ ಬರಲಿ ಅಂತ ಕಾಯ್ತಿದ್ದೀಯೋ?"

"ಕಾಣದೇ ಹೋದ್ರೆ ಮಾವ?"

"ಕಾಣದೇ ಹೋದ್ರೆ ಗುಂಡಿ ಮುಟ್ಟಬೇಡ. ಪೆನ್ನು ನೇರವಾಗಿ ಹೋಗುತ್ತೆ. ಅದೂ ನಿಜದ ಗೆರೆನೇ ತಾನೆ?"

ಅವನು ಡಬ್ಬಿಯ ಸುರುಳಿಯನ್ನು ಯಂತ್ರಕ್ಕೇರಿಸಿ ಗದ್ದವೂರಿದ. ಮಾವ ಬಲಗಣ್ಣಿನ ದೀಪವನ್ನು ಎಳೆ ಎಳೆಯಾಗಿ ತಗ್ಗಿಸಿದರು. ಹಸಿರು, ಬರೀ ಹಸಿರು. ಪೆನ್ನು ನೇರವಾಗಿ ಸಾಗಿತು. ಆಮೇಲೆ ಹಸಿರಿನ ಒಂದು ಮೂಲೆ ತುಕ್ಕು ಹಿಡಿದಂತಾಯಿತು; ತುಕ್ಕು ಹಬ್ಬಿತು; ಇದ್ದಕ್ಕಿದ್ದಂತೆ ಹಸಿರೇ ಇಲ್ಲ, ಕಣ್ಣ ತುಂಬ ಕೆಂಪು ಗೆರೆಗಳು. ಅವನು ಒತ್ತುವುದನ್ನೇ ಮರೆತ. "ಒತ್ತೋ!" ಎಂದು ಮಾವ ತಿವಿದರು.

ಸಂಜೆಯ ಸಭೆಯಲ್ಲಿ ಆಡಿದ ಮಾತುಗಳೆಲ್ಲ ಈ ಅಭಿನಂದನ ಗ್ರಂಥದ ಬೇರೆ ಪುಟಗಳಲ್ಲಿವೆ. ಭಗವಂತ ಕಣ್ಣಮ್ಮನವರಿಗೆ ನೂರು ತುಂಬುವವರೆಗೂ ಎರಡೂ ಕಣ್ಣುಗಳನ್ನು ತಿಳಿಯಾಗಿ ಕಾಯಲಿ; ಆ ಪೆಟ್ಟಿಗೆಯ ಮುಂದಿನ ಕುರ್ಚಿ ಅವರಿಗಾಗಿ ಸದಾ ತೆರವಾಗಿರಲಿ; ಬೆಚ್ಚಗಿನ ಆ ಅಂಗೈಗಾಗಿ ಇನ್ನೂ ಬಹಳ ಮಕ್ಕಳು ಬರಲಿ.

ಸಭೆ ಕರಗಿದ ಮೇಲೆ ಸೋಡಾಬುಡ್ಡಿ ಮೆಟ್ಟಿಲ ಬಳಿ ತಗಡಿನ ಡಬ್ಬಿಯನ್ನು ಅವರ ಕೈಗಿತ್ತ. ಕಣ್ಣಮ್ಮ ಸುರುಳಿ ಬಿಚ್ಚಿ, ಗೆರೆಯ ಮೇಲೆ ಬೆರಳಾಡಿಸಿದರು. ಉದ್ದಕ್ಕೊಂದು ನೇರ ಗೆರೆ, ಆಮೇಲೆ ಒಂದು, ನಾಲ್ಕು, ಎರಡು, ಆರು. ಬೆರಳು ಕೊನೆಯವರೆಗೂ ಹೋಗಿ ನಿಂತಿತು. ಅವರು ಚೀಲಕ್ಕೆ ಕೈಹಾಕಿ, ಈವರೆಗೆ ಬೇರೆ ಯಾರಿಗೂ ತೋರಿಸಿರದ ಆ ಹಳೆಯ ಸುಳ್ಳು ಸುರುಳಿಯನ್ನು ತೆಗೆದು ಅವನ ಅಂಗೈಯಲ್ಲಿಟ್ಟರು.