ರಂಗೂನ್ ಅಕ್ಕನಿಗೆ ಬೇಕಿದ್ದ ರುಜು

ಎರಡು ಕೆನ್ನೆಗಳ ಮೇಲೂ ರೂಪಾಯಿ ಅಗಲದ ತೆಳು ಹಳದಿ ಬಟ್ಟು. ಅರಿಶಿನವಲ್ಲ, ರಂಗೂನಿನಿಂದ ತಂದ ಗೇಣುದ್ದದ ಮರದ ತುಂಡನ್ನು ನೀರು ಚಿಮುಕಿಸಿ ಕಲ್ಲಿನ ಮೇಲೆ ತೇಯ್ದು ದಿನಾ ಬೆಳಿಗ್ಗೆ ಹಚ್ಚಿಕೊಳ್ಳುತ್ತಿದ್ದಳು. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ಅದೊಂದು ತಮಾಷೆ. "ಏನ್ ರಂಗೂನಮ್ಮ, ಗ್ವಾಡೆಗೆ ಮಡಗಿದ್ ಸುಣ್ಣನೆಲ್ಲ ಮಕಕ್ಕೇ ಬಳ್ಕಂಡ್ಬುಟ್ಟಾ?" ಎಂದು ನಲ್ಲಿಯ ಬಳಿ ಹೆಂಗಸರು ಕೆಣಕಿದರೆ, "ನಿಮ್ ಗೋಡೆಗಿಂತ ನನ್ ಮೊಗ ದೊಡ್ಡದಾ ಅಕ್ಕಾ?" ಎಂದು ನಗುತ್ತಿದ್ದಳು.

ನಾನು ಅವಳನ್ನು ರಂಗೂನ್ ಅಕ್ಕ ಎನ್ನುತ್ತಿದ್ದೆ. ಗಂಡ ನಮ್ಮ ಬೀದಿಯವನೇ. ಚಿಕ್ಕಂದಿನಲ್ಲೇ ಬರ್ಮಾಕ್ಕೆ ಹೋಗಿ ಬಟ್ಟೆ ಅಂಗಡಿ ಇಟ್ಟು, ಅಲ್ಲೇ ಹುಟ್ಟಿದ ತಮಿಳರ ಹುಡುಗಿಯನ್ನು ಮದುವೆಯಾಗಿದ್ದ. ಅರವತ್ತರ ದಶಕದ ನಡುವೆ ಅಲ್ಲಿ ಬದುಕು ಮುರಿದು, ಮೂರು ಮಕ್ಕಳು ಮತ್ತು ಒಂದು ಟ್ರಂಕಿನೊಂದಿಗೆ ಬಂದಿಳಿದರು. "ಊರಿಗೆ ವಾಪಸು ಬಂದ್ರು" ಎಂದಿತು ಬೀದಿ. ಎಂದೂ ನೋಡದ ಊರಿಗೆ ಅವಳು ವಾಪಸು ಬರುವುದು ಹೇಗೆ ಎಂದು ನಾನು ತಕರಾರು ತೆಗೆದೆ. ತಕರಾರು ನನ್ನ ಕಸುಬು. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಕಪ್ಪುಗಳನ್ನು ಗೆಲ್ಲುತ್ತಿದ್ದೆ. ಕುಟುಂಬ ಯೋಜನೆಯ ಪರ ಮಾತಾಡಿ ಗೆದ್ದದ್ದೂ ಒಂದು.

ಅದು ಅವಳ ಕಿವಿಗೆ ಬಿದ್ದಿರಬೇಕು. ಬೇಸಿಗೆ ರಜೆಯಲ್ಲಿ ಒಂದು ದಿನ ಟ್ರಂಕಿನಿಂದ ಮಡಚಿದ ಕಾಗದ ತಂದು ಕೈಗಿಟ್ಟಳು. "ಪಾಪ್ಪಾ, ಇದ್ರಲ್ಲಿ ಏನಿದೆ ಅಂತ ನಂಗೆ ಗೊತ್ತು. ಇಲ್ಲಿ ಡಾಕ್ಟರ್‌ಗೆ ನೀ ಹೇಳ್ಬೇಕು." ರಂಗೂನಿನ ವೈದ್ಯರೊಬ್ಬರ ಇಂಗ್ಲಿಷ್ ಬರಹ: ಮೂರನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಜೀವ ಹೋಗುವುದರಲ್ಲಿತ್ತು, ಇನ್ನೊಂದು ಹೆರಿಗೆ ಆಗಕೂಡದು. ಆಗ ಬಸಿರಾಗದಂತೆ ಗರ್ಭಕೋಶದಲ್ಲಿಡುವ ಲೂಪು, ನಮ್ಮ ಕಡೆಯವರು ವಂಕಿ ಎನ್ನುವುದು, ಹೊಸದಾಗಿ ಬಂದಿತ್ತು. ಅದು ಬೇಕಿತ್ತು ಅವಳಿಗೆ. ಆದರೆ ಆಸ್ಪತ್ರೆಯಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದೂ ತಿಳಿಯದು.

ಆಸ್ಪತ್ರೆಯವರು ಫಾರಂ ಕೊಟ್ಟು ಗಂಡನ ರುಜು ಕೇಳಿದರು. ಅಲ್ಲೇ ತೊಡಕು. ಅವನು ಕೆಟ್ಟವನಲ್ಲ. ರಂಗೂನಿನಲ್ಲಿ ಓದಲು ಬಾರದ ಕಾಗದವೊಂದಕ್ಕೆ ರುಜು ಹಾಕಿ ಅಂಗಡಿ ಕಳೆದುಕೊಂಡಿದ್ದ, ಅಷ್ಟೆ. "ಸಾಯಗಂಟ ಯಾವ್ ಕಾಗ್ದುಕ್ಕೂ ರುಜು ಆಕಕಿಲ್ಲ ಕಣವ್ವ" ಎಂದು ಮಗ್ಗದ ಗುಳಿಯಲ್ಲಿ ಕೂತು, ಲಾಳಿ ನಿಲ್ಲಿಸದೆಯೇ ಹೇಳಿದ. "ಅವಳ್ನ ಕರ್ಕಂಡೋಗು, ಬ್ಯಾಡ ಅನ್ನಕಿಲ್ಲ. ರುಜು ಮಾತ್ರ ಕೇಳ್ಬ್ಯಾಡ."

ಮಾರನೆಯ ದಿನ ಮತ್ತೆ ಹೋದೆವು. ನರ್ಸಮ್ಮ ಖಾಲಿ ಫಾರಂ ನೋಡಿ ದನಿ ತಗ್ಗಿಸಿದಳು. "ಇಲ್ಲೊಂದ್ ರುಜು ಅಂತ ಬಿದ್ದಿದ್ರೆ ಸಾಕು ಕಣಮ್ಮ. ಯಾರ್ ಆಕುದ್ರು ಅಂತ ನಾನೇನ್ ಕಾವಲು ಕಾಯ್ತೀನಾ? ಆ ಜಗಲಿ ಮ್ಯಾಲೆ ಕೂತ್ಕಂಡು ಬರ್ಕಂಡ್ ಬಾ." ಅರೆಬರೆ ಕನ್ನಡದ ರಂಗೂನ್ ಅಕ್ಕನಿಗೆ ಅರ್ಥವಾಯಿತು, ನನ್ನ ಕೈ ಜಗ್ಗಿದಳು. ನನಗೂ ಅರ್ಥವಾಗಿತ್ತು. ಒಪ್ಪಿಗೆಯಾಗಲಿಲ್ಲ.

"ಅವಳ ಮೈಗೆ ಗಂಡ ಯಾಕೆ ರುಜು ಹಾಕಬೇಕು? ಹಾಗಂತ ಕಾನೂನಿದ್ದರೆ ತೋರಿಸಿ. ಸುಳ್ಳು ರುಜು ಹಾಕು ಅಂತೀರಲ್ಲ, ಇದು ಯಾವ ನ್ಯಾಯ?"

ವೇದಿಕೆಯ ದನಿ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಒಳಗಿನಿಂದ ಡಾಕ್ಟರು ಬಂದರು. "ಯಾರು ಸುಳ್ಳು ರುಜು ಹಾಕು ಅಂದಿದ್ದು?"

"ನಾ ಅನ್ನಿಲ್ಲ ಸಾ" ಎಂದಳು ನರ್ಸಮ್ಮ. ಖಾಲಿ ಫಾರಂ ನನ್ನ ಕೈಗೆ ತುರುಕಿದಳು.

ನನ್ನ ಪ್ರಶ್ನೆಯನ್ನು ಡಾಕ್ಟರು ಪಕ್ಕಕ್ಕೆ ಸರಿಸಿದರು. "ಗಂಡ ಖುದ್ದಾಗಿ ಬಂದು ನನ್ನ ಎದುರಿಗೇ ರುಜು ಹಾಕಲಿ" ಎಂದು ಒಳಗೆ ಹೋದರು.

ಹೊರಗೆ ಹುಣಸೆಮರದ ಕೆಳಗೆ ನಾನಿನ್ನೂ ಬುಸುಗುಡುತ್ತಿದ್ದೆ. ಅವಳು ರಂಗೂನಿನ ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಚಿದಳು. "ನೀ ಚೆನ್ನಾಗಿ ಮಾತಾಡ್ದೆ ಪಾಪ್ಪಾ" ಎಂದಳು. ಕೊಂಕು ಇರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷ ಚುಚ್ಚುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಹನೂರಿನಲ್ಲಿ ವಂಕಿ ಹಾಕುವ ಕ್ಯಾಂಪು ಎಂದು ಕೇಳಿ ಬಸ್ಸು ಹತ್ತಿದೆವು. ದಾರಿಯಲ್ಲಿ ಅದೇ ಫಾರಮಿನ ಮೇಲೆ ಅವಳ ಗಂಡನ ಹೆಸರನ್ನು ನಾನೇ ಬರೆದೆ. ಕುಲುಕಾಟಕ್ಕೆ ಅಕ್ಷರ ಸೊಟ್ಟಗಾದವು. "ಅವರು ಬರೆಯೋದು ಇದಕ್ಕಿಂತ ಸೊಟ್ಟ" ಎಂದು ನಕ್ಕಳು. ಹನೂರಿನಲ್ಲಿ ಆ ಫಾರಂ ಅನ್ನು ಯಾರೂ ಕೇಳಲೇ ಇಲ್ಲ. ಪರೀಕ್ಷಿಸಿದ ಡಾಕ್ಟರಮ್ಮ ಕೈ ತೊಳೆಯುತ್ತ, "ತಡವಾಯ್ತಲ್ಲಮ್ಮ. ಆಗಲೇ ಗರ್ಭ ನಿಂತಿದೆ" ಎಂದರು.

ವಾಪಸು ಬರುವಾಗ ಕಿಟಕಿಯ ಆಚೆ ನೋಡುತ್ತ ಒಂದೇ ಮಾತಾಡಿದಳು: "ರಂಗೂನಲ್ಲಾದ್ರೆ ಯಾವ ಬಾಗಿಲು ತಟ್ಟಬೇಕು ಅಂತ ಗೊತ್ತಿತ್ತು ಪಾಪ್ಪಾ."

ಸಂಕ್ರಾಂತಿ ಕಳೆದ ವಾರ, ನಾನು ಊರಿನಲ್ಲಿದ್ದಾಗಲೇ, ಕೊಳ್ಳೇಗಾಲದ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಮಗು ಉಳಿಯಿತು. ರಂಗೂನಿನ ಕಾಗದ ಹೇಳಿದಂತೆಯೇ ರಕ್ತ ನಿಲ್ಲಲಿಲ್ಲ. ಹಣೆಬರಹ ಎಂದರು ಬೀದಿಯವರು. ನಾನು ಒಪ್ಪುವುದಿಲ್ಲ. ಹಾಗೆ ಒಪ್ಪಿಕೊಂಡರೆ ಹೆಚ್ಚು ಅನುಕೂಲ ನನಗೇ, ಅದಕ್ಕೇ ಒಪ್ಪುವುದಿಲ್ಲ.

ಹೆಬ್ಬೆರಳಷ್ಟು ಉಳಿದಿದ್ದ ಮರದ ತುಂಡನ್ನು ಅಂದು ಬೆಳಿಗ್ಗೆಯೂ ತೇಯ್ದಿದ್ದಳು. ಬೆವರಿಗೆ ಒಂದು ಕೆನ್ನೆಯದು ಅಳಿಸಿಹೋಗಿತ್ತು.

ಹೆಣ ಒಯ್ಯಲು ಆಸ್ಪತ್ರೆಯ ರಿಜಿಸ್ಟರು ಬಂತು. ತಂದವಳು ಅದೇ ನರ್ಸಮ್ಮ. "ಯಜಮಾನ್ರ ರುಜು" ಎಂದಳು, ನನ್ನ ಮುಖ ನೋಡದೆ. ನಾನು ಹಾಕುತ್ತೇನೆ ಎಂದು ಕೈ ಚಾಚಿದೆ. ಅವಳ ಗಂಡ ಬಿಡಲಿಲ್ಲ. ಪೆನ್ನು ತೆಗೆದುಕೊಂಡ. ಏನು ಬರೆದಿದೆ ಎಂದು ಕೇಳಲೂ ಇಲ್ಲ.

"ಎಲ್ಲಿ ಆಕ್ಬೇಕವ್ವ?" ಎಂದ.

ಬೆರಳಿಟ್ಟು ತೋರಿಸಿದೆ.